ಅಂಪೈರ್ ಪ್ಯಾಡ್ ಕಟ್ಟಿದಾಗ

(ಮಯಾಮಿ ವಿಮಾನ ನಿಲ್ದಾಣ, ಜನವರಿ 1991. ಈಸ್ಟರ್ನ್ ಏರ್‌ಲೈನ್ಸ್ ಬಾಗಿಲು ಹಾಕಿದೆ. ಕೆಲಸ ಹೋದ ಮೆಕ್ಯಾನಿಕ್. ಟಿಕೆಟ್ ಹಿಡಿದು ನಿಂತ ಪ್ರಯಾಣಿಕ.)

ಪ್ರಯಾಣಿಕ: ನಿಮ್ಮ ಮಾಜಿ ಅಧ್ಯಕ್ಷ ಫಿಲ್ ಬೇಕ್ಸ್ ಮೊದಲು ಎಲ್ಲಿದ್ದರು?

ಮೆಕ್ಯಾನಿಕ್: ಸರ್ಕಾರದ ನಾಗರಿಕ ವಿಮಾನಯಾನ ಮಂಡಳಿಯಲ್ಲಿ, ಮುಖ್ಯ ವಕೀಲರಾಗಿ. ದರಕ್ಕೂ ಮಾರ್ಗಕ್ಕೂ ಅದರದೇ ಅಪ್ಪಣೆ ಬೇಕಿತ್ತು.

ಪ್ರಯಾಣಿಕ: ಹಾಗಾದರೆ ನಿಯಮ ಬಲ್ಲವರು!

ಮೆಕ್ಯಾನಿಕ್: ಬಲ್ಲವರೇ. ಅದಕ್ಕೇ ಅವುಗಳನ್ನು ತೆಗೆಸಲು ದುಡಿದರು. 1978ರಲ್ಲಿ ಕಾನೂನೂ ಬಂತು.

ಪ್ರಯಾಣಿಕ: ಪಾಪ, ಆಮೇಲೆ ಹೊಟ್ಟೆಪಾಡು?

ಮೆಕ್ಯಾನಿಕ್: ಬೇಲಿ ಕಿತ್ತ ಮೈದಾನಕ್ಕೇ ಇಳಿದರು. ಅವರು ಸೇರಿದ ವಿಮಾನ ಸಂಸ್ಥೆಗಳ ಬಳಗದ ಕಾಂಟಿನೆಂಟಲ್ ಏರ್‌ಲೈನ್ಸ್ 1983ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೆಲವೇ ದಿನಗಳಲ್ಲಿ ಮತ್ತೆ ಹಾರಿತು. ಟಿಕೆಟ್ 49 ಡಾಲರ್, ಪೈಲಟ್‌ಗೆ ಸುಮಾರು ಅರ್ಧ ಸಂಬಳ.

ಪ್ರಯಾಣಿಕ: 49 ಡಾಲರ್! ನಾನೂ ಹಾರಿದ್ದೆ. ಪುಣ್ಯಾತ್ಮರು!

ಮೆಕ್ಯಾನಿಕ್: ಪುಣ್ಯ ಅವರದು, ಖರ್ಚು ಪೈಲಟ್‌ಗಳದು.

ಪ್ರಯಾಣಿಕ: ಅವರು ಬಂದಮೇಲೆ ಈಸ್ಟರ್ನ್ ಕಥೆ?

ಮೆಕ್ಯಾನಿಕ್: 1989ರ ಮಾರ್ಚ್‌ನಲ್ಲಿ ನಾವು ಮುಷ್ಕರ ಹೂಡಿದೆವು. ಐದೇ ದಿನಕ್ಕೆ ದಿವಾಳಿ ಅರ್ಜಿ. ಅಭ್ಯಾಸಬಲ!

ಪ್ರಯಾಣಿಕ: ನನ್ನ ಟಿಕೆಟ್ ಗತಿ? ಆ ಮಂಡಳಿಗೇ ದೂರು ಬರೆಯುತ್ತೇನೆ!

ಮೆಕ್ಯಾನಿಕ್: ಬರೆಯಿರಿ ಸ್ವಾಮಿ. ಅದು ನಮಗಿಂತ ಆರು ವರ್ಷ ಮೊದಲೇ ಹಾರಾಟ ನಿಲ್ಲಿಸಿದೆ.