ಬೇಸ್‌ಬಾಲ್ ಮೂಲಪುರುಷ ನಿರ್ಣಯ

ಋಷಿಮೂಲ, ನದೀಮೂಲ ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಚೆಂಡಿನ ಮೂಲದ ಬಗ್ಗೆ ಅವರು ಏನೂ ಹೇಳದೆ ಹೋದದ್ದರಿಂದ ಸಂಶೋಧಕರಿಗೆ ದಾರಿ ಸಲೀಸಾಗಿದೆ. ಬೇಸ್‌ಬಾಲ್ ಆಟವನ್ನು ಯಾರು, ಎಲ್ಲಿ, ಯಾವಾಗ ಹುಟ್ಟಿಸಿದರು ಎಂದು ಹೇಳುವುದು ಪ್ರಸ್ತುತ ಪ್ರಬಂಧದ ಗುರಿಯಲ್ಲ. ಆ ಉತ್ತರ ಆಯೋಗವೊಂದರ ತೀರ್ಪಾಗಿ 1907ರ ಡಿಸೆಂಬರ್ 30ರಂದೇ ಸಿದ್ಧವಾಗಿದೆ. ಉತ್ತರಕ್ಕೆ ಸುಮ್ಮನೆ ಅಡ್ಡಬರುತ್ತಿರುವ ಹಳೆಯ ಪುಸ್ತಕ, ದಿನಚರಿ, ಕಡತಗಳನ್ನು ಶಾಸ್ತ್ರೋಕ್ತವಾಗಿ ದೂರವಿಡುವ ಬಗೆ ಹೇಗೆಂಬುದಷ್ಟೇ ಇಲ್ಲಿನ ವಿಚಾರ.

ಮೊದಲಿಗೆ ಪೂರ್ವಪಕ್ಷ. 1744ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ‘ಎ ಲಿಟ್ಲ್ ಪ್ರಿಟಿ ಪಾಕೆಟ್‌ಬುಕ್’ ಎಂಬ ಮಕ್ಕಳ ಪುಸ್ತಕ ತಂದ. ಬೆಲೆ ಆರು ಪೆನ್ಸು. ಇನ್ನೆರಡು ಪೆನ್ಸು ಕೊಟ್ಟರೆ ಗಂಡುಮಕ್ಕಳಿಗೆ ಚೆಂಡು, ಹೆಣ್ಣುಮಕ್ಕಳಿಗೆ ಗುಂಡುಸೂಜಿ ಚುಚ್ಚುವ ಪುಟ್ಟ ದಿಂಬು. ಎರಡರಲ್ಲೂ ಒಂದು ಮಗ್ಗುಲು ಕೆಂಪು, ಇನ್ನೊಂದು ಕಪ್ಪು: ಒಳ್ಳೆಯ ಕೆಲಸ ಮಾಡಿದರೆ ಕೆಂಪಿಗೆ ಸೂಜಿ, ತಂಟೆ ಮಾಡಿದರೆ ಕಪ್ಪಿಗೆ. ಈ ಪುಸ್ತಕದಲ್ಲಿ ‘ಬೇಸ್‌ಬಾಲ್’ ಎಂಬ ತಲೆಬರಹ, ಕೆಳಗೆ ಒಂದು ಪದ್ಯ, ಮೇಲೆ ಮರದಚ್ಚಿನ ಚಿತ್ರ. ಚಿತ್ರದಲ್ಲಿ ಹುಡುಗರಿದ್ದಾರೆ, ನೆಟ್ಟ ಗೂಟಗಳಿವೆ, ಬ್ಯಾಟು ಮಾತ್ರ ಇಲ್ಲ. ಬ್ಯಾಟಿಲ್ಲದ್ದನ್ನು ಬೇಸ್‌ಬಾಲ್ ಎನ್ನಬಾರದೆಂದು ಇಲ್ಲೇ ಕೈತೊಳೆದುಕೊಳ್ಳಬಹುದು. ಇನ್ನೂ ಗಟ್ಟಿಯಾದ ಆಕ್ಷೇಪವೂ ಉಂಟು. ಮೊದಲ ಮುದ್ರಣದ ಒಂದೇ ಒಂದು ಪ್ರತಿಯೂ ಉಳಿದಿಲ್ಲ; ಸಿಕ್ಕಿರುವವುಗಳಲ್ಲಿ ಹಳೆಯದು 1760ರದ್ದು. ಮಕ್ಕಳು ಹರಿದು ಚಿಂದಿ ಮಾಡಿದ್ದನ್ನು ಪ್ರಮಾಣವೆಂದು ಒಪ್ಪುವುದು ವಿದ್ವತ್ತಿಗೆ ಒಪ್ಪುವ ಮಾತಲ್ಲ.

ಎರಡನೆಯ ತೊಡಕು ರಾಜವಂಶದ್ದು. 1749ರ ಲಂಡನ್ ಪತ್ರಿಕೆಯೊಂದರ ಸುದ್ದಿಯ ಪ್ರಕಾರ ವೇಲ್ಸ್ ರಾಜಕುಮಾರ ಫ್ರೆಡೆರಿಕ್ ಸರ್ರೆ ಪ್ರಾಂತ್ಯದಲ್ಲಿ ಬೇಸ್‌ಬಾಲ್ ಆಡಿದ. ಅಮೆರಿಕನ್ನರು ಮುಂದೆ ಯಾರ ವಿರುದ್ಧ ದಂಗೆ ಎದ್ದರೋ ಆ ಮೂರನೇ ಜಾರ್ಜನ ಅಪ್ಪ ಈತ. ಅಮೆರಿಕದ ರಾಷ್ಟ್ರೀಯ ಆಟದ ಹಳೆಯ ಆಟಗಾರರ ಪಟ್ಟಿಯಲ್ಲಿ ಈ ಹೆಸರು ಎಷ್ಟು ಮುಜುಗರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸುದ್ದಿ ಸುಳ್ಳಿರಬೇಕು, ಪತ್ರಿಕೆ ತಾನೆ.

ಮೂರನೆಯದು ಇದಕ್ಕಿಂತ ಅಪಾಯಕಾರಿ. ಸರ್ರೆಯ ವಕೀಲ ವಿಲಿಯಂ ಬ್ರೇ 1755ರ ಮಾರ್ಚ್ 31ರ, ಈಸ್ಟರ್ ಸೋಮವಾರದ ದಿನಚರಿಯಲ್ಲಿ ಬರೆದಿಟ್ಟದ್ದು ಇಷ್ಟು: ಊಟವಾದ ಮೇಲೆ ಪರಿಚಯದ ಕನ್ಯೆಯೊಬ್ಬಳ ಮನೆಗೆ ಹೋದೆ, ಹಲವು ಹೆಣ್ಣುಮಕ್ಕಳು, ಕೆಲವು ಗಂಡಸರು ಸೇರಿ ಬೇಸ್‌ಬಾಲ್ ಆಡಿದೆವು, ಚಹಾ ಕುಡಿದು ರಾತ್ರಿ ಎಂಟರವರೆಗೆ ಅಲ್ಲೇ ಇದ್ದೆ. ಈ ದಿನಚರಿ 2008ರಲ್ಲಿ ಬೆಳಕಿಗೆ ಬಂದದ್ದು ಒಂದು ಮನೆಯ ಹಿತ್ತಲಿನ ಶೆಡ್ಡಿನಿಂದ. ಹೆಂಗಸರು, ಚಹಾ, ಹಿತ್ತಲು: ಮೂಲಪುರುಷನನ್ನು ಹುಡುಕಹೊರಟ ಶಾಸ್ತ್ರಕ್ಕೆ ಇವುಗಳಲ್ಲಿ ಒಂದೂ ಒಗ್ಗುವುದಿಲ್ಲ.

ಉಳಿದವನ್ನು ಬೇಗ ಮುಗಿಸೋಣ. ಅಚ್ಚಾದ ನಿಯಮಗಳಲ್ಲಿ ಹಳೆಯವು 1796ರ ಜರ್ಮನ್ ಪುಸ್ತಕದಲ್ಲಿವೆ. ಬರೆದವನು ಗುಟ್ಸ್‌ಮುಟ್ಸ್ ಎಂಬ ವ್ಯಾಯಾಮದ ಮೇಷ್ಟ್ರು, ಅವನು ಕರೆದದ್ದು ಇಂಗ್ಲಿಷರ ಬೇಸ್‌ಬಾಲ್ ಎಂದು. ಅಮೆರಿಕದ ಕಡತಗಳಲ್ಲಿ ಆಟದ ಹೆಸರು ಸಿಗುವುದು 1791ರಲ್ಲಿ, ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್ ಊರಿನ ಒಂದು ನಿಷೇಧಾಜ್ಞೆಯಲ್ಲಿ. ಹೊಸದಾಗಿ ಕಟ್ಟಿದ ಪ್ರಾರ್ಥನಾ ಮಂದಿರದ ಕಿಟಕಿ ಗಾಜು ಉಳಿಯಲೆಂದು ಎಂಬತ್ತು ಗಜದೊಳಗೆ ಯಾರೂ ಚೆಂಡಾಡಕೂಡದೆಂದು ಅಪ್ಪಣೆ. ಆಯೋಗದ ತೀರ್ಪಿನಂತೆ 1839ರಲ್ಲಿ ಹುಟ್ಟಬೇಕಾದ ಆಟ 48 ವರ್ಷ ಮೊದಲೇ ಗಾಜು ಒಡೆದಿರಬಹುದಾದ ಸಾಧ್ಯತೆಯನ್ನು ಭೌತಶಾಸ್ತ್ರಜ್ಞರಿಗೆ ಬಿಡೋಣ.

ಇನ್ನು ಸಿದ್ಧಾಂತ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೇಸ್‌ಬಾಲ್ ಪತ್ರಕರ್ತನಾಗಿ ಬೆಳೆದ ಹೆನ್ರಿ ಚಾಡ್ವಿಕ್, ಈ ಆಟ ಇಂಗ್ಲಿಷ್ ಹುಡುಗರ ರೌಂಡರ್ಸ್ ಎಂಬ ಚೆಂಡಾಟದಿಂದ ಬಂತೆಂದು ಬರೆಯುತ್ತಲೇ ಬಂದ. ಚೆಂಡು, ಬ್ಯಾಟು ಮಾರಿ ಶ್ರೀಮಂತನಾಗಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ ಅದನ್ನು ಸಹಿಸಲಿಲ್ಲ. ವಾದ ಗೆಲ್ಲದಿದ್ದಾಗ ಬುದ್ಧಿವಂತರು ಮಾಡುವುದನ್ನೇ ಮಾಡಿದ: ಆಯೋಗ ನೇಮಿಸಿದ. ಎ.ಜಿ. ಮಿಲ್ಸ್ ಅಧ್ಯಕ್ಷತೆಯ ಏಳು ಜನರಲ್ಲಿ ಇಬ್ಬರು ಸೆನೆಟರುಗಳು, ಇಬ್ಬರು ಆಟದ ಸಾಮಾನಿನ ವರ್ತಕರು. ಇತಿಹಾಸಕಾರ ಒಬ್ಬನೂ ಇಲ್ಲದ್ದರಿಂದ ಕೆಲಸ ಸುಸೂತ್ರವಾಯಿತು. ಸೆನೆಟರೊಬ್ಬರು 1906ರಲ್ಲೇ ತೀರಿಕೊಂಡರು. ತೀರ್ಪಿಗೆ ಅದರಿಂದ ಬಾಧಕವೇನೂ ಆಗಲಿಲ್ಲ.

ಪ್ರಮಾಣ ಬಂದದ್ದು ಟಪಾಲಿನಲ್ಲಿ. 1905ರಲ್ಲಿ ಆಬ್ನರ್ ಗ್ರೇವ್ಸ್ ಎಂಬ ಗಣಿ ಎಂಜಿನಿಯರ್ ಬರೆದ: ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನಿನಲ್ಲಿ ಆಬ್ನರ್ ಡಬಲ್‌ಡೇ ಈ ಆಟ ರೂಪಿಸಿದ್ದನ್ನು ನಾನು ಬಲ್ಲೆ. ಯಾವಾಗ? ಜನರಲ್ ಹ್ಯಾರಿಸನ್ ಅಧ್ಯಕ್ಷ ಪದವಿಗೆ ನಿಂತ ಚುನಾವಣೆಯ ಹಿಂದಿನದೋ ಮುಂದಿನದೋ ವಸಂತದಲ್ಲಿ. ಈ ‘ಹಿಂದಿನದೋ ಮುಂದಿನದೋ’ ಎಂಬ ಮಾತಿನಿಂದ 1839 ಎಂಬ ಖಚಿತ ವರ್ಷವನ್ನು ಕಡೆದು ತೆಗೆದದ್ದು ಆಯೋಗದ ನಿಜವಾದ ಸಾಧನೆ. ಆ ವರ್ಷ ಸಾಕ್ಷಿಗೆ ಐದರ ವಯಸ್ಸು. ಅವನನ್ನು ಆಯೋಗ ಎದುರಿಗೆ ಕೂರಿಸಿ ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಸಾಕ್ಷಿ ಕೆಡುತ್ತದೆ.

ಡಬಲ್‌ಡೇ ಆಗ ವೆಸ್ಟ್ ಪಾಯಿಂಟ್ ಸೇನಾ ಶಾಲೆಯ ವಿದ್ಯಾರ್ಥಿ ಎಂಬ ಕ್ಷುದ್ರ ಆಕ್ಷೇಪವಿದೆ. ಅವನು ಮುಂದೆ ಸೇನಾಧಿಕಾರಿಯಾದ, ಗೆಟಿಸ್‌ಬರ್ಗ್‌ನಲ್ಲಿ ಕಾದಿದ, ಪುಸ್ತಕಗಳನ್ನೂ ಬರೆದ. ತಾನು ಆಟವೊಂದನ್ನು ಹುಟ್ಟಿಸಿದೆನೆಂದು ಎಲ್ಲೂ ಹೇಳಿಕೊಳ್ಳಲಿಲ್ಲ. ಮಿಲ್ಸ್ ಅವನ ಗೆಳೆಯ. ಗೆಳೆಯನ ಕಿವಿಗೂ ಹಾಕಲಿಲ್ಲ. ವಿನಯಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? 1893ರಲ್ಲಿ ತೀರಿಕೊಂಡದ್ದರಿಂದ ತೀರ್ಪನ್ನು ಅಲ್ಲಗಳೆಯುವ ಅವಕಾಶವನ್ನೂ ಅವನು ಬಳಸಿಕೊಳ್ಳಲಿಲ್ಲ.

ಕ್ಷೇತ್ರವಾಯಿತು, ಪುರಾಣವಾಯಿತು, ಇನ್ನು ಉದ್ಭವಮೂರ್ತಿಯೊಂದು ಬೇಕಿತ್ತು. 1930ರ ದಶಕದಲ್ಲಿ ಕೂಪರ್ಸ್‌ಟೌನಿನ ಹತ್ತಿರದ ಹಳ್ಳಿಯ ಟ್ರಂಕೊಂದರಲ್ಲಿ ಹೊಲಿಗೆ ಬಿಚ್ಚಿದ, ಒಳಗಿನ ತುರುಕು ಇಣುಕುವ ಹಳೆಯ ಚೆಂಡು ಪ್ರತ್ಯಕ್ಷವಾಯಿತು. ಸಿಂಗರ್ ಹೊಲಿಗೆ ಯಂತ್ರದ ಆಸ್ತಿಗೆ ವಾರಸುದಾರನಾದ ಸ್ಟೀಫನ್ ಕ್ಲಾರ್ಕ್ ಐದು ಡಾಲರ್ ಕೊಟ್ಟು ಕೊಂಡ. ಹೊಲಿದು ರಿಪೇರಿ ಮಾಡಿಸಲಿಲ್ಲ. ಹಳೆಯದೆಂಬುದಕ್ಕೆ ಬಿಚ್ಚಿದ ಹೊಲಿಗೆಯೇ ಆಧಾರ. ನೂರನೆಯ ವರ್ಷಕ್ಕೆ ಸರಿಯಾಗಿ, 1939ರ ಜೂನ್ 12ರಂದು, ಅಲ್ಲಿ ಆಟದ ಮಹನೀಯರನ್ನು ಗೌರವಿಸುವ ಹಾಲ್ ಆಫ್ ಫೇಮ್ ತೆರೆಯಿತು.

ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1845ರಲ್ಲಿ ನಿಯಮ ಬರೆದುಕೊಂಡದ್ದೇ ಇಂದಿನ ಆಟದ ಬುಡ ಎನ್ನುವವರಿಗಾಗಿ ಆ ಕ್ಲಬ್ಬಿನ ಅಲೆಕ್ಸಾಂಡರ್ ಕಾರ್ಟ್‌ರೈಟ್‌ಗೂ ಅಲ್ಲಿ ಫಲಕವಿದೆ. ಬೇಸುಗಳ ನಡುವೆ ತೊಂಬತ್ತು ಅಡಿ ಅಂತರ, ಒಂಬತ್ತು ಇನಿಂಗ್ಸ್, ಒಂಬತ್ತು ಆಟಗಾರರು, ಮೂರೂ ಅವನದೇ ಎನ್ನುತ್ತದೆ ಅದು. 1845ರ ನಿಯಮಗಳಲ್ಲಿ ಆ ಮೂರರಲ್ಲಿ ಒಂದೂ ಇಲ್ಲ. 21 ಅಂಕ ಮೊದಲು ಗಳಿಸಿದವರು ಗೆದ್ದಂತೆ ಎಂದಿತ್ತು. ಒಂದು ತಪ್ಪಿನ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಸಮತೋಲ ಕಾಯುವ ಈ ಕ್ರಮವನ್ನು ನಮ್ಮ ಸಂಶೋಧಕರೂ ಗಮನಿಸಬೇಕು.

ಗ್ರಂಥಪಾಲಕ ರಾಬರ್ಟ್ ಹೆಂಡರ್ಸನ್ 1947ರಲ್ಲಿ, ಡೇವಿಡ್ ಬ್ಲಾಕ್ 2005ರಲ್ಲಿ, ಜಾನ್ ಥಾರ್ನ್ 2011ರಲ್ಲಿ ದಪ್ಪ ದಪ್ಪ ಪುಸ್ತಕ ಬರೆದು ಈ ನಿರ್ಣಯವನ್ನು ಬುಡಮೇಲು ಮಾಡಿದರು. ಕೂಪರ್ಸ್‌ಟೌನಿಗೆ ಹೋಗುವ ಬಸ್ಸು ಅದರಿಂದ ಖಾಲಿಯಾಗಲಿಲ್ಲ. ಅಲ್ಲಿನ ಮೈದಾನದ ಹೆಸರು ಇವತ್ತಿಗೂ ಡಬಲ್‌ಡೇ ಫೀಲ್ಡ್. ಚಾಡ್ವಿಕ್, ಸ್ಪಾಲ್ಡಿಂಗ್, ಕಾರ್ಟ್‌ರೈಟ್ ಮೂವರೂ ಹಾಲ್ ಆಫ್ ಫೇಮ್ ಸೇರಿದ್ದಾರೆ. ಡಬಲ್‌ಡೇಯನ್ನು ಮಾತ್ರ ಇದುವರೆಗೆ ಅದಕ್ಕೆ ಆರಿಸಿಲ್ಲ.