ಇಲ್ಲ ಎನ್ನುವವರು ಬೇಕಾಗಿದ್ದಾರೆ

ಓದು ಮುಗಿಸಿ ಊರಿಗೆ ಬಂದವರನ್ನು ತಿತಿಮತಿ ಒಂದಷ್ಟು ಕಾಲ ರಜಕ್ಕೆ ಬಂದವರೆಂದೇ ನಂಬುತ್ತದೆ. ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದ ಮೇಲೂ ಅವರು ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಮಾತ್ರ ಜನ ಹತ್ತಿರ ಬಂದು "ಏನಾಯ್ತು?" ಅನ್ನುತ್ತಾರೆ. ಹುಣಸೂರು–ಗೋಣಿಕೊಪ್ಪ ರಸ್ತೆ ಊರಿನ ನಡುವೆಯೇ ಹಾದುಹೋಗುವುದರಿಂದ, ಮೈಸೂರಿಗೆ ಇಂಟರ್ವ್ಯೂಗೆ ಹೋದವರು ಯಾರ ಕಣ್ಣಿಗೂ ಬೀಳದೆ ಮನೆ ಸೇರುವ ಉಪಾಯವೇ ಇಲ್ಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಬಸ್ಸಿಳಿಯುವ ಮೊದಲೇ ಟೀ ಅಂಗಡಿಯಲ್ಲಿ ಫಲಿತಾಂಶ ತೀರ್ಮಾನವಾಗಿರುತ್ತದೆ.

ಪಕ್ಕದ ಮನೆಯ ಹುಡುಗಿ ಎಂ.ಕಾಂ. ಮುಗಿಸಿ ಬಂದು ಈಗ ಈ ಹಂತದಲ್ಲಿದ್ದಾಳೆ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಬಂದಳು. "ಅಂಕಲ್, ನಿಮ್ಮ ತೋಟದ ಮೇಲ್ಗಡೆ ಕೂತ್ಕೊಳ್ಳಲಾ? ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತೆ." ಸಿಲ್ವರ್ ಓಕ್ ಮರದ ಕೆಳಗೆ ಕುರ್ಚಿ ಹಾಕಿಸಿದೆ. ನಾಯಿಯನ್ನು ಕಟ್ಟಿದೆ. ಇಂಟರ್ವ್ಯೂ ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಆಚೆ ತೋಟಕ್ಕೆ ಹಲಸಿನ ಹಣ್ಣಿಗೆಂದು ನುಗ್ಗಿದ್ದ ಆನೆಯನ್ನು ಓಡಿಸಲು ಅರಣ್ಯ ಇಲಾಖೆಯವರು ಪಟಾಕಿ ಸಿಡಿಸಿದರು. ಬೆಂಗಳೂರಿನ ಸಾಹೇಬರು ಮದುವೆಯೋ ಹಬ್ಬವೋ ಎಂದು ಕೇಳಿದರು. ಇವಳು "ಆನೆ ಸರ್" ಎಂದಳು. ಅವರು ನಕ್ಕು ಏನೋ ಬರೆದುಕೊಂಡರು. ಏನು ಬರೆದುಕೊಂಡಿರಬಹುದೆಂದು ಅವಳ ಮನೆಯಲ್ಲೂ ನಮ್ಮ ಮನೆಯಲ್ಲೂ ಇಂದಿಗೂ ಚರ್ಚೆಯಿದೆ, ಏಕೆಂದರೆ ಅಲ್ಲಿಂದ ಮತ್ತೆ ಸುದ್ದಿಯೇ ಬರಲಿಲ್ಲ. "ತಿಳಿಸ್ತೀವಿ" ಎಂದಿದ್ದರು, ಅಷ್ಟೇ.

ನನ್ನ ಕಾಲದಲ್ಲಿ ನಿರಾಕರಣೆ ಅಂಚೆಯಲ್ಲಿ ಬರುತ್ತಿತ್ತು. ಕವರು ತೆಳ್ಳಗಿದ್ದರೆ ಕೆಲಸ ಇಲ್ಲವೆಂದು ಪೋಸ್ಟ್‌ಮ್ಯಾನ್ ಗೇಟಿನಲ್ಲೇ ಹೇಳಿಬಿಡುತ್ತಿದ್ದ. ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಸಂಜೆಗೆ ಅವ್ವ ಅಕ್ಕಿ ರೊಟ್ಟಿ ತಟ್ಟಿ ವಿಷಯ ಮುಗಿಸುತ್ತಿದ್ದಳು. ಈಗ ಮುಗಿಯುವುದೇ ಇಲ್ಲ. ಮೇಲ್ ನೋಡು, ಸ್ಪಾಮ್ ನೋಡು, ಮತ್ತೆ ಮೇಲ್ ನೋಡು. ಬೇಡವಾದವರಿಗಿಂತ ಬೇಕೋ ಬೇಡವೋ ತಿಳಿಯದವರ ನಿದ್ದೆಯೇ ಹೆಚ್ಚು ಕೆಡುತ್ತದೆ.

ಇಂಟರ್ವ್ಯೂಗಳಲ್ಲಿ ಅವಳಿಗೆ ಎಲ್ಲರೂ ಕೇಳುವ ಪ್ರಶ್ನೆ, ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂಬುದು. ಇದನ್ನು 2011ನೇ ಸಾಲಿನ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರಿ ಅಭ್ಯರ್ಥಿಗಳಿಗೆ ಕೇಳಬೇಕಿತ್ತು. 362 ಜನರ ಪಟ್ಟಿಯನ್ನು 2014ರಲ್ಲಿ ಸರ್ಕಾರ ಅಕ್ರಮದ ಕಾರಣಕ್ಕೆ ಕೈಬಿಟ್ಟಿತು. ಅಲ್ಲಿಂದ ಕೋರ್ಟು, ಕಚೇರಿ. ಕೊನೆಗೆ 2022ರಲ್ಲಿ ವಿಧಾನಮಂಡಲ ಅದಕ್ಕೆಂದೇ ಕಾಯಿದೆ ಮಾಡಿತು. ಐದು ವರ್ಷದ ನಂತರ ನ್ಯಾಯಾಲಯದಲ್ಲಿರುತ್ತೇನೆ ಸರ್ ಎಂದವನಿಗೆ ಪೂರ್ತಿ ಅಂಕ ಕೊಡಬಹುದಿತ್ತು. 545 ಪಿಎಸ್‌ಐ ಹುದ್ದೆಗಳ ಕತೆಯೂ ಅದೇ. 2021ರಲ್ಲಿ ಪರೀಕ್ಷೆ, 2022ರಲ್ಲಿ ಪಟ್ಟಿ ಬಂದು ರದ್ದು, 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ. ಕದ್ದು ಬರೆದವರ ಪಾಪಕ್ಕೆ ಓದಿ ಬರೆದವರೂ ಮತ್ತೆ ಪೆನ್ನು ಹಿಡಿದರು. ಅವರ ಮನೆಗಳಲ್ಲಿ ಆಯ್ಕೆಯಾದ ಸಂತೋಷಕ್ಕೆ ಹಂಚಿದ ಸಿಹಿಯ ಲೆಕ್ಕ ಯಾರು ಕೊಡಬೇಕು?

ಸಮಾಧಾನ ಹೇಳುವವರಿಗೇನೂ ಬರವಿಲ್ಲ. ಅವಳ ಫೋನಿಗೆ ಬೆಳಿಗ್ಗೆ ಎದ್ದರೆ ಎಡಿಸನ್ ಬರುತ್ತಾನೆ. ನಾನೂ ಸುಮ್ಮನಿರಲಾರದೆ ಆರ್.ಕೆ. ನಾರಾಯಣರ ಕತೆ ಹೇಳಿದೆ. ಮೊದಲ ಕಾದಂಬರಿಯನ್ನು ಇಂಗ್ಲೆಂಡಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದಾಗ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕೆಂದು ಅಲ್ಲಿದ್ದ ಗೆಳೆಯನಿಗೆ ಬರೆದರಂತೆ. ಗೆಳೆಯ ಮಾತು ಕೇಳದೆ ಗ್ರಹಾಂ ಗ್ರೀನ್‌ಗೆ ತೋರಿಸಿದ. 1935ರಲ್ಲಿ ಪುಸ್ತಕ ಬಂತು. ಅವಳು ಯೋಚಿಸಿ, "ಅವರಿಗೆ ಬೇಡ ಅಂತಲಾದ್ರೂ ಹೇಳ್ತಿದ್ರಲ್ಲ ಅಂಕಲ್" ಎಂದಳು.

ಟೀ ಅಂಗಡಿಯವರ ಸಮಾಧಾನ ಸಹಜವಾಗಿಯೇ ಆನೆಯದು. ಮತ್ತಿಗೋಡು ಆನೆ ಶಿಬಿರ ನಮ್ಮ ದಾರಿಯಲ್ಲೇ ಇದೆ. ಮೈಸೂರು ದಸರೆಯ ಅಂಬಾರಿಯನ್ನು 1999ರಿಂದ ಬಲರಾಮ ಹೊತ್ತ, 2012ರಿಂದ ಅರ್ಜುನ. ಅರ್ಜುನನಿಗೆ ಅರವತ್ತು ದಾಟಿತೆಂದು 2020ರಲ್ಲಿ ನಮ್ಮ ಮತ್ತಿಗೋಡಿನ ಅಭಿಮನ್ಯುವಿಗೆ ಬಂತು. ಅದಕ್ಕೆ ಮೊದಲು ದಸರೆಯಲ್ಲಿ ಅವನು ವಾದ್ಯದವರ ಗಾಡಿ ಎಳೆಯುತ್ತಿದ್ದ, ಉಳಿದ ಕಾಲದಲ್ಲಿ ಪುಂಡಾನೆ ಹಿಡಿಯುತ್ತಿದ್ದ. "ನೋಡಮ್ಮ, ಅವನು ಕಾಯಲಿಲ್ವಾ?" ಎಂದರೆ ಹುಡುಗಿ, "ಅವನಿಗೆ ಕಾಯೋವಾಗಲೂ ಊಟ ಸರ್ಕಾರದ್ದು. ಇಂಟರ್ವ್ಯೂನಲ್ಲಿ ಇಂಗ್ಲಿಷೂ ಕೇಳಲ್ಲ, ಧನ್ವಂತರಿ ರಸ್ತೆಗೆ ಕರ್ಕೊಂಡು ಹೋಗಿ ತೂಕ ಹಾಕ್ತಾರೆ" ಎಂದಳು. ತಿರುಗಿ ಮಾತಾಡುವವರಿರಲಿಲ್ಲ. ತೂಕ ಹಾಕಿ ಆರಿಸುವ ಪದ್ಧತಿ ಬಂದರೆ ತನಗೂ ಆಸೆಯಿದೆ ಎಂದು ಅಂಗಡಿಯ ಯಜಮಾನ ಹೊಟ್ಟೆ ಸವರಿಕೊಂಡ.

ಇದೆಲ್ಲ ತಲೆಯಲ್ಲಿ ಇಟ್ಟುಕೊಂಡೇ, ನಾನು ಸದಸ್ಯನಾಗಿರುವ ಒಂದು ಸಣ್ಣ ಸಂಘದಲ್ಲಿ ಗುಮಾಸ್ತೆ ಹುದ್ದೆಗೆ ಆಯ್ಕೆ ಮುಗಿದಾಗ ಹಟ ಹಿಡಿದೆ: ಸಿಗದವರಿಗೆಲ್ಲ ಫೋನ್ ಮಾಡಿ ಹೇಳಬೇಕು, ಒಬ್ಬರನ್ನೂ ಕಾಯಿಸಬಾರದು. ಕಾರ್ಯದರ್ಶಿ ಗೊಣಗುತ್ತಲೇ ಪಟ್ಟಿ ನನ್ನ ಮುಂದಿಟ್ಟು, "ನೀವೇ ಮಾಡಿ" ಎಂದರು. ಮೊದಲನೆಯ ಹುಡುಗ ಥ್ಯಾಂಕ್ಸ್ ಹೇಳಿದ; ನನಗೆ ಎದೆ ಉಬ್ಬಿತು. ಎರಡನೆಯವಳ ತಾಯಿ ಎತ್ತಿಕೊಂಡು, ಸದ್ಯ ಹೇಳಿದಿರಲ್ಲ, ನಾಳೆಯೇ ಮೈಸೂರಿಗೆ ಕಳಿಸ್ತೀನಿ ಎಂದರು. ಮೂರನೆಯವನು ಮಾತ್ರ ಯಾರಿಗೆ ಕೊಟ್ಟಿರಿ, ಅವನ ಪರ್ಸೆಂಟೇಜ್ ಎಷ್ಟು, ಅಧ್ಯಕ್ಷರಿಗೆ ಏನಾಗಬೇಕು ಎಂದು ಶುರುಮಾಡಿ, ನನ್ನ ಬಾಯಿಂದ ಉತ್ತರ ಹೊರಡದಿದ್ದಾಗ ಅವನಪ್ಪನಿಗೆ ಫೋನ್ ಕೊಟ್ಟ. ಅಪ್ಪ ನನ್ನ ಹಳೆಯ ಸಹಪಾಠಿ. ಶಾಲೆಯ ದಿನಗಳಿಂದ ಹಿಡಿದು ನನ್ನ ತೋಟದ ಬೇಲಿಯವರೆಗೆ ಎಲ್ಲ ವಿಚಾರಣೆಯಾಯಿತು.

ಕಾರ್ಯದರ್ಶಿ ಎದುರಿನಲ್ಲಿ ಕೂತು ಶಾಂತವಾಗಿ ಟೀ ಹೀರುತ್ತಿದ್ದರು. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಹೆಸರುಗಳಿದ್ದವು. ನಾಲ್ಕನೆಯ ನಂಬರು ಒತ್ತಿದೆ.