ಅಜ್ಜಿ, ನಿಮ್ಮ ಬೆರಳು ಬರ್ತಿಲ್ಲ

ಇವರಿಗೆ,
ಶ್ರೀ ಬಯೋಮೆಟ್ರಿಕ್ ಮೆಷಿನ್ ಅವರು,
ಆಧಾರ್ ಕೌಂಟರ್, ಗಾಜಿನ ಆಚೆ ಬದಿ.

ಇವರಿಂದ,
ಅಂತರಸನಹಳ್ಳಿಯ ತರಕಾರಿ ಮಂಡಿಯಲ್ಲಿ ಲೆಕ್ಕ ಬರೆಯುವವನು,
ಗಾಜಿನ ಈಚೆ ಬದಿ.

ವಿಷಯ: ಕಳೆದುಹೋದ ಆಧಾರ್ ಕಾರ್ಡಿಗೆ ಬದಲಿ ಕಾರ್ಡು ಕೇಳಿಕೊಂಡು ಬಂದ ನಮ್ಮ ತಾಯಿಯನ್ನು ತಾವು ಗುರುತಿಸದೆ ವಾಪಸ್ಸು ಕಳಿಸಿದ ಬಗ್ಗೆ.

ಮಾನ್ಯರೇ,

ಇವತ್ತು ಮಧ್ಯಾಹ್ನ ತಾವು ನಮ್ಮಮ್ಮನನ್ನು ನಮ್ಮಮ್ಮ ಅಲ್ಲ ಅಂದಿರಿ. ಬಾಯಿಬಿಟ್ಟು ಅನ್ನಲಿಲ್ಲ, ತಮ್ಮದು ಗಂಭೀರ ಸ್ವಭಾವ. ಪರದೆಯ ಮೇಲೆ ಕೆಂಪು ಗುರುತು ತೋರಿಸಿ ಸುಮ್ಮನಾದಿರಿ. ಕೌಂಟರಿನ ಹುಡುಗ ಅದನ್ನು ಕನ್ನಡದಲ್ಲಿ ಹೇಳಿದ: "ಅಜ್ಜಿ, ನಿಮ್ಮ ಬೆರಳು ಬರ್ತಿಲ್ಲ."

ಅಮ್ಮ ಕೈ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. "ಬಂದೈತಲ್ಲಪ್ಪ. ನನ್ ಜತೇಲೇ ಬಸ್ಸಲ್ಲಿ ಬಂತು. ಟಿಕೀಟು ಬೇರೆ ತಗಂಡ್ ಬಂದೈತೆ" ಅಂದಳು.

ಕ್ಯೂನಲ್ಲಿದ್ದವರು ನಕ್ಕರು. ಅಮ್ಮ ತಮಾಷೆಗೆ ಹೇಳಿರಲಿಲ್ಲ. ಆ ಟಿಕೀಟೇ ಅವಳ ಸಂಕಟ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಶಕ್ತಿ ಯೋಜನೆ. ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಮಾತ್ರ ಶಕ್ತಿ. ಅವತ್ತಿನಿಂದ ಅಮ್ಮ ಮನೆಯಲ್ಲಿ ನಿಂತವಳಲ್ಲ. ಗುಬ್ಬಿಯಲ್ಲಿ ಜಾತ್ರೆ, ಕುಣಿಗಲ್ಲಿನಲ್ಲಿ ತಂಗಿಯ ಮೊಮ್ಮಗಳ ನಾಮಕರಣ, ಏನೂ ಇಲ್ಲದಿದ್ದರೆ ಕ್ಯಾತ್ಸಂದ್ರದಲ್ಲಿ ಇಳಿದು ಸಿದ್ಧಗಂಗೆ ಮಠದಲ್ಲಿ ಊಟ. ಅಂಥದೇ ಒಂದು ಓಡಾಟದಲ್ಲಿ ಎಲೆಅಡಿಕೆ ಚೀಲ ಎಲ್ಲೋ ಬಿತ್ತು. ಚೀಲದಲ್ಲಿ ಆಧಾರ್ ಕಾರ್ಡು, ವೋಟರ್ ಕಾರ್ಡು, ಎರಡರದ್ದೂ ಜೆರಾಕ್ಸ್, ಒಂದು ಹಿತ್ತಾಳೆ ಸುಣ್ಣದ ಡಬ್ಬಿ. ಅಮ್ಮ ಅತ್ತದ್ದು ಡಬ್ಬಿಗೆ. "ಕಾರ್ಡು ಸರ್ಕಾರದ್ದು, ಅವರ ಹತ್ರ ಇನ್ನೊಂದಿರ್ತದೆ. ಡಬ್ಬಿ ನಮ್ಮವ್ವಂದು" ಅಂದಳು.

ಸರ್ಕಾರದ ಹತ್ತಿರ ಇನ್ನೊಂದು ಇರುವುದು ನಿಜ. ಕೊಡುವುದಕ್ಕೆ ನೂರೆಂಟು ನಿಯಮ. ಹನ್ನೆರಡು ಅಂಕಿಯ ನಂಬರು ಗೊತ್ತಿದ್ದರೆ ಮನೆಯಲ್ಲೇ ಕೂತು ದುಡ್ಡು ಕಟ್ಟಬಹುದು, ಪ್ಲಾಸ್ಟಿಕ್ ಕಾರ್ಡು ಅಂಚೆಯಲ್ಲಿ ಬರುತ್ತದೆ. ಇದನ್ನು ಒಪ್ಪುತ್ತೇನೆ, ಒಳ್ಳೆಯ ವ್ಯವಸ್ಥೆ. ನಂಬರು ಗೊತ್ತಿಲ್ಲದಿದ್ದರೆ ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಅಮ್ಮನ ಆಧಾರಿಗೆ ಮೊಬೈಲೇ ಜೋಡಿಸಿಲ್ಲ. ಕಾರ್ಡು ಮಾಡಿಸಿದ ಕಾಲದಲ್ಲಿ ನಮ್ಮನೆಯಲ್ಲಿದ್ದ ಒಂದೇ ಮೊಬೈಲು ನನ್ನ ಜೇಬಿನಲ್ಲಿತ್ತು, ನಾನು ಮಂಡಿಯಲ್ಲಿದ್ದೆ. ರೇಷನ್ ಕಾರ್ಡಿನ ವಿವರದಲ್ಲಾದರೂ ನಂಬರು ಸಿಕ್ಕೀತು ಅಂತ ಪರಿಚಯದವರ ಕಂಪ್ಯೂಟರಿನಲ್ಲಿ ತೆಗೆಸಿದೆ. ಎಂಟು ಅಂಕಿಯ ಜಾಗದಲ್ಲಿ ಇಂಟು ಗುರುತು, ಕೊನೆಯ ನಾಲ್ಕು ಮಾತ್ರ ಬರಿಗಣ್ಣಿಗೆ.

ಗೋಪ್ಯತೆ, ಸ್ವಾಮಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತರ ಮೇಲಿನ ವಯಸ್ಸಿನಲ್ಲಿ, 2012ರಲ್ಲಿ, ಈ ಆಧಾರಿನ ಮೇಲೇ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಕೂತು ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಹೇಳಿದರು. ನಮ್ಮ ಕಡೆಯ ಹಿರಿಯರು ಗೆದ್ದುಕೊಟ್ಟ ಹಕ್ಕು, ಹೆಮ್ಮೆಯ ವಿಷಯ. ತಮ್ಮ ಬಳಗದವರು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ ಅಂದರೆ ಅಮ್ಮನ ಗುಟ್ಟನ್ನು ಅಮ್ಮನಿಗೂ ಹೇಳದೆ ಕಾಪಾಡಿದ್ದಾರೆ.

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಬಂದದ್ದು ತಮ್ಮ ಸನ್ನಿಧಿಗೆ. ಬೆರಳಿಟ್ಟರೆ ಸಾಕು, ಕಳೆದ ನಂಬರು ಸಿಗುತ್ತದೆ ಅಂದರು. ರಾತ್ರಿಯೆಲ್ಲ ಟೊಮೆಟೊ ಲೋಡಿನ ಲೆಕ್ಕ ಬರೆದು, ಮಂಡಿಯಿಂದ ನೇರವಾಗಿ ಹೋಗಿ ಟೋಕನ್ನಿಗೆ ನಿಂತೆ. ಟೋಕನ್ ಕೊಡುವವರು ಬರುವ ಹೊತ್ತಿಗೆ ನನ್ನ ಮುಂದೆ ಜನರಿಗಿಂತ ಚಪ್ಪಲಿ ಹೆಚ್ಚಿದ್ದವು. ಜನ ಟೀ ಕುಡಿಯಲು ಹೋಗಿದ್ದರು, ಚಪ್ಪಲಿಗಳು ಸರದಿ ಕಾಯುತ್ತಿದ್ದವು. ಚಪ್ಪಲಿಗಳಿಗೆ ಯಾರೂ ಗುರುತಿನ ಚೀಟಿ ಕೇಳಲಿಲ್ಲ.

ಮೆಷಿನ್ ಅವರೇ, ತಮಗೆ ಒಂದು ಹಳೆಯ ಕತೆ ನೆನಪಿಸುತ್ತೇನೆ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಎಂಬ ಊರಿನಲ್ಲಿ ದೇಶದ ಮೊದಲ ಆಧಾರ್ ನಂಬರು ಕೊಟ್ಟರು. ಅದರ ಬೆನ್ನಿಗೇ ಕರ್ನಾಟಕದಲ್ಲಿ ಶುರುವಾಯಿತು. ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ಎರಡು ಜಿಲ್ಲೆ: ಮೈಸೂರು ಮತ್ತು ನಮ್ಮ ತುಮಕೂರು. ಬೆಂಗಳೂರಿನವರಿಗಿಂತ ಮೊದಲು ನಮ್ಮ ಬೆರಳು ತಮಗೆ ಬೇಕಾಗಿದ್ದವು. ಆಗ ತಾವೇ ಊರೂರಿಗೆ ಬಂದಿರಿ. ಪೆಟ್ಟಿಗೆಯಲ್ಲಿ ಕೂತು, ಶಾಲೆಯ ಜಗಲಿ ಮೇಲೆ, ಪಂಚಾಯಿತಿ ಕೋಣೆಯಲ್ಲಿ ಬಿಡಾರ ಮಾಡಿದಿರಿ. ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ, ಎಲ್ಲ ತೆಗೆದುಕೊಂಡಿರಿ. ಹುಟ್ಟಿದ ದಿನ ಗೊತ್ತಿಲ್ಲ ಅಂದವರಿಗೆಲ್ಲ ಜನವರಿ ಒಂದು ಅಂತ ಧಾರಾಳವಾಗಿ ಬರೆದುಕೊಟ್ಟಿರಿ. ನಮ್ಮ ಬೀದಿಯ ಮುದುಕ ಮುದುಕಿಯರೆಲ್ಲ ಒಂದೇ ದಿನ ಹುಟ್ಟಿದವರು. ಕಾರ್ಡಿನ ಪ್ರಕಾರ ಅಮ್ಮ ಹುಟ್ಟಿದ್ದು 1948ರ ಜನವರಿ 1ರಂದು. ಆಮೇಲೆ ಬಂದ ಕಾಗದದಲ್ಲಿ "ಆಧಾರ್ - ಶ್ರೀಸಾಮಾನ್ಯನ ಅಧಿಕಾರ" ಅಂತ ದಪ್ಪಕ್ಷರದಲ್ಲಿತ್ತು. ಅಮ್ಮ ಅದನ್ನು ಅಕ್ಷರ ಕೂಡಿಸಿ ಓದಿದಳು.

ಓದಿದಳು ಅಂದೆ, ಅದೂ ಒಂದು ಕತೆ. ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನದವರು ಮನೆಮನೆಗೆ ಬಂದು, ಹೆಬ್ಬೆಟ್ಟು ಒತ್ತುವುದು ನಾಚಿಕೆಗೇಡು, ರುಜು ಹಾಕುವುದು ಕಲಿಯಿರಿ ಅಂದರು. ರಾತ್ರಿ ಶಾಲೆಯಲ್ಲಿ ಲಾಂದ್ರದ ಕೆಳಗೆ ಸ್ಲೇಟು ಹಿಡಿದು ಅಮ್ಮ ತನ್ನ ಹೆಸರಿನ ಅಷ್ಟೂ ಅಕ್ಷರ ತಿದ್ದಿದಳು. ಬ್ಯಾಂಕಿನಲ್ಲಿ ಮೊದಲ ಸಲ ರುಜು ಹಾಕಿ ಬಂದ ದಿನ ಪಾಯಸ ಮಾಡಿದ್ದಳು. ಹೆಬ್ಬೆಟ್ಟಿನವಳು ಅನ್ನುವ ಮಾತು ಅವಳಿಗೆ ಅಷ್ಟು ನಾಟಿತ್ತು. ಇವತ್ತು ಕೌಂಟರಿನಲ್ಲಿ "ನಾನು ರುಜು ಹಾಕ್ತೀನಿ ಕಣಪ್ಪ, ಕೊಡು ಪೆನ್ನು" ಅಂದರೆ ಆ ಹುಡುಗ, "ರುಜು ಯಾರಿಗೆ ಬೇಕಜ್ಜಿ, ತಂಬ್ ಕೊಡಿ" ಅಂದ. ಹುಡುಗನದು ತಪ್ಪಿಲ್ಲ. ಡಿಗ್ರಿ ಮಾಡಿದ ನನ್ನ ಮಗಳೂ ಸಿಮ್ ತಗೊಳ್ಳಲು ಹೆಬ್ಬೆಟ್ಟು ಒತ್ತಿ ಬಂದಿದ್ದಾಳೆ. ದೇಶಕ್ಕೆ ದೇಶವೇ ರುಜು ಕಲಿತು ಮತ್ತೆ ಹೆಬ್ಬೆಟ್ಟಿಗೆ ಬಂದು ನಿಂತಿದೆ. ಇರಲಿ. ಅಮ್ಮನ ಹೆಬ್ಬೆಟ್ಟು ಈಗ ಅದಕ್ಕೂ ಬರುತ್ತಿಲ್ಲ.

ಯಾಕೆ ಬರುತ್ತಿಲ್ಲ ಅಂತ ಕೇಳಿ. ತಾವು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಅಮ್ಮ ಜೀವಮಾನವಿಡೀ ಹುಣಸೆಹಣ್ಣು ಬಿಡಿಸಿದವಳು. ತುಮಕೂರಿನ ಹುಣಸೆ ಅಂದರೆ ಹೊರರಾಜ್ಯದ ವ್ಯಾಪಾರಿಗಳೂ ಹುಡುಕಿಕೊಂಡು ಬರುತ್ತಾರೆ. ಆ ಹಣ್ಣಿನ ಓಡು ಒಡೆದು, ನಾರು ಎಳೆದು, ಬೀಜ ತೆಗೆದು ಕೊಡುವವರು ನಮ್ಮಮ್ಮನಂಥ ಹೆಂಗಸರು. ಬೇಸಿಗೆ ಬಂತೆಂದರೆ ಬೆಳಗಿಂದ ಸಂಜೆವರೆಗೆ ಬೆರಳು ಹುಳಿಯಲ್ಲಿ. ಬೆರಳ ತುದಿ ಮೊದಲು ಬಿಳಿಚಿಕೊಳ್ಳುತ್ತದೆ, ಆಮೇಲೆ ಸುಲಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಕೂಲಿ ಕೆ.ಜಿ. ಲೆಕ್ಕ. ಆ ದುಡ್ಡಿನಲ್ಲೇ ನಾನು ಲೆಕ್ಕ ಕಲಿತದ್ದು. ಆ ಗೆರೆಗಳು ಎಲ್ಲಿ ಹೋದವು ಅಂತ ತಾವು ಹುಡುಕುತ್ತಿದ್ದೀರಲ್ಲ, ಅವು ಯಾರ್ಯಾರದೋ ಮನೆಯ ಸಾರಿನಲ್ಲಿ ಹೋಗಿವೆ.

ಹುಡುಗ ಕೈಲಾದದ್ದೆಲ್ಲ ಮಾಡಿದ, ಸುಳ್ಳು ಹೇಳಬಾರದು. ತಮ್ಮ ಗಾಜನ್ನು ಹಳೇ ಬನಿಯನ್ ತುಂಡಿನಲ್ಲಿ ಒರೆಸಿದ. "ಕೈ ತೊಳ್ಕೊಂಡ್ ಬನ್ನಿ" ಅಂದ. ತೊಳೆದು ಬಂದರೆ "ಒದ್ದೆ ಜಾಸ್ತಿ ಆಯ್ತು" ಅಂದ. ಸೆರಗಿನಲ್ಲಿ ಒರೆಸಿಕೊಂಡರೆ "ಡ್ರೈ ಆಯ್ತು, ತಲೆಗೆ ಉಜ್ಜಿ, ಎಣ್ಣೆ ಅಂಟ್ಲಿ" ಅಂದ. ಅಮ್ಮ ನರೆತ ತಲೆಗೆ ಬೆರಳು ಉಜ್ಜಿ ಉಜ್ಜಿ ಇಟ್ಟಳು. ನಾಲ್ಕು ಬೆರಳಿನ ಮೇಲೆ ಹುಡುಗ ತನ್ನ ಕೈಯಿಟ್ಟು ಒತ್ತಿದ. ಹಸಿರು ಬೆಳಕು ಬಂತು, ಎಲ್ಲರೂ ಉಸಿರು ಹಿಡಿದೆವು, ಕೆಂಪು ಬಂತು. ಬಲಗೈ ಆಯಿತು, ಎಡಗೈ ಆಯಿತು, ಎರಡು ಹೆಬ್ಬೆಟ್ಟು ಆಯಿತು. ಹಿಂದೆ ನಿಂತಿದ್ದ ಒಬ್ಬರು "ಬೇಗ ಬೇಗ" ಅಂದರು. ಅಮ್ಮ ಅವರ ಕಡೆ ತಿರುಗಿ ಕೈ ಮುಗಿದಳು.

ಅಲ್ಲಿಯವರೆಗೆ ನನಗೂ ನಗು ಬರುತ್ತಿತ್ತು.

ಎಪ್ಪತ್ತೈದು ದಾಟಿದ ಹೆಂಗಸು, ಕೂಲಿ ಮಾಡಿ ಬೆರಳು ಸವೆಸಿಕೊಂಡವಳು, ಸವೆದ ಬೆರಳಿಗಾಗಿ ಕ್ಷಮೆ ಕೇಳಿದ ಹಾಗೆ ಕೈ ಮುಗಿಯಬೇಕೇನ್ರೀ? ಯಾರಿಗೆ? ಬೆರಳು ಸವೆದ ಜನ ಈ ದೇಶದಲ್ಲಿ ನಮ್ಮಮ್ಮ ಒಬ್ಬಳೇನಾ? ಗಾರೆ ಕಲಸುವವರು, ಬೀಡಿ ಕಟ್ಟುವವರು, ಪಾತ್ರೆ ತಿಕ್ಕುವವರು, ಇಟ್ಟಿಗೆ ಹೊರುವವರು, ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮೇಲೆ ಕೆಲಸ ಮಾಡುವವರು, ಇವರ ಬೆರಳು ಸವೆಯುತ್ತದೆ ಅಂತ ಯೋಜನೆ ಮಾಡಿದವರಿಗೆ ಗೊತ್ತಿರಲಿಲ್ಲವೇ? ಬೆರಳು ಸವೆಯದೆ ಇರುವುದು ಯಾರದ್ದು ಅಂತ ನಾನು ಹೇಳುವುದಿಲ್ಲ. ಅವರು ಕ್ಯೂನಲ್ಲಿ ನಿಲ್ಲುವುದೂ ಇಲ್ಲ.

ಬೆರಳಿನ ಗೆರೆಯಿಂದ ಆಳನ್ನು ಗುರುತಿಸುವ ವಿದ್ಯೆಗೆ ಕಚೇರಿ ತೆರೆದದ್ದು ನಮ್ಮ ದೇಶದಲ್ಲೇ, 1897ರಲ್ಲಿ, ಕಲ್ಕತ್ತಾದಲ್ಲಿ. ಲೆಕ್ಕಾಚಾರ ಕೂಡಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಹೋದದ್ದು ಅವರ ಸಾಹೇಬ ಹೆನ್ರಿಗೆ. ಕೆಲಸ, ಕಳ್ಳರನ್ನು ಗುರುತು ಹಿಡಿಯುವುದು. ಇದನ್ನು ಅಮ್ಮನಿಗೆ ಹೇಳಿದೆ. "ಹಂಗಾರೆ ನಾನು ಕದ್ರೆ ಸಿಕ್ಕಾಕಿಕೊಳ್ಳಾಕಿಲ್ಲ ಅನ್ನು" ಅಂದಳು. ಸತ್ಯ. ಪೊಲೀಸರು ಇನ್ನು ತುಮಕೂರಿನ ಜನವರಿ ಒಂದರ ಮುದುಕಿಯರ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು.

ಕಣ್ಣು ಅಂದಾಗ ನೆನಪಾಯಿತು. "ಬೆರಳು ಬರದಿದ್ರೆ ಕಣ್ಣು ತಗೊಳ್ಳಪ್ಪ, ಅವತ್ತು ಕೊಟ್ಟಿದ್ದೀವಲ್ಲ" ಅಂದೆ. ಕಣ್ಣು ನೋಡುವ ಮೆಷಿನ್ನು ಮೇಜಿನ ಪಕ್ಕದಲ್ಲೇ ಇತ್ತು, ವೈರು ಸುತ್ತಿಟ್ಟಿದ್ದರು. "ಅದು ವರ್ಕ್ ಆಗ್ತಿಲ್ಲ ಅಂಕಲ್, ಕಂಪ್ಲೇಂಟ್ ಹಾಕಿದೀವಿ." ಯಾವಾಗ ಸರಿಹೋಗುತ್ತದೆ? "ಗೊತ್ತಿಲ್ಲ ಅಂಕಲ್." ನನ್ನ ಸಿಟ್ಟೆಲ್ಲ ಇಲ್ಲಿದೆ. ಟೋಕನ್ನಿಗೆ ಕಾದದ್ದು ಬಿಟ್ಟೆ, ಚಪ್ಪಲಿ ಕ್ಯೂ ಬಿಟ್ಟೆ. ಬೆರಳು ಬಾರದವರಿಗೆ ಕಣ್ಣು ಇದೆ ಅಂತಲೇ ಅವತ್ತು ಎರಡನ್ನೂ ತೆಗೆದುಕೊಂಡದ್ದು. ಈಗ ಅಮ್ಮನ ಕಣ್ಣು ಸರಿಯಿದೆ, ತಮ್ಮ ಬಳಗದ ಕಣ್ಣೇ ಕೆಟ್ಟಿದೆ. ಕೆಟ್ಟದ್ದು ಮೆಷಿನ್ನು, ವಾಪಸ್ಸು ಹೋಗಬೇಕಾದವಳು ಅಜ್ಜಿ. ಇದು ಯಾವ ಊರಿನ ನ್ಯಾಯ?

ಸಂಜೆ ಮನೆಯಲ್ಲಿ ಸಹಾಯವಾಣಿಗೆ ಫೋನ್ ಮಾಡೋಣ ಅಂತ ಹೊರಟೆ. ನಂಬರು 1947. ಅಮ್ಮ ಲೆಕ್ಕ ಹಾಕಿ, "ನನಗಿಂತ ಒಂದು ವರ್ಸ ದೊಡ್ಡೋರು. ಈ ಹೊತ್ತಲ್ಲಿ ಎಬ್ಬಿಸಬ್ಯಾಡ, ಮಲಗಿರ್ತಾರೆ" ಅಂದಳು. ನಾಳೆ ಮಾಡುತ್ತೇನೆ.

ಮೆಷಿನ್ ಅವರೇ, ತಮ್ಮಿಂದ ಏನೂ ಆಗುವುದಿಲ್ಲ ಅಂತ ನನಗೆ ಗೊತ್ತು. ತಮ್ಮನ್ನು ಮೇಜಿನ ಮೇಲೆ ಕೂರಿಸಿದವರ ಕಿವಿಗೆ ಬೀಳಲಿ ಅಂತ ಈ ಕಾಗದ. ಅವರಿಗೆ ಇಷ್ಟು ಹೇಳಿ: ಬೆರಳು ತೆಗೆಯುವ ಮೆಷಿನ್ನಿರುವ ಕಡೆಯೆಲ್ಲ ಕಣ್ಣಿನ ಮೆಷಿನ್ನೂ ಕೆಲಸ ಮಾಡುತ್ತಿರಬೇಕು. ಎರಡೂ ಬಾರದಿದ್ದರೆ ಮುಂದೇನು, ಯಾರನ್ನು ಕಾಣಬೇಕು ಅಂತ ಗಾಜಿನ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಬೇಕು. ಎಪ್ಪತ್ತು ದಾಟಿದವರನ್ನು ಟೋಕನ್ನಿಗೆ ನಿಲ್ಲಿಸಬಾರದು. 2010ರಲ್ಲಿ ಪೆಟ್ಟಿಗೆ ಹೊತ್ತುಕೊಂಡು ಊರಿಗೆ ಬರಲು ಆಗಿತ್ತಲ್ಲ, ಏಳಲಾರದವರ ಮನೆಗೆ ಈಗಲೂ ಬನ್ನಿ. ಕಾಫಿ ಕೊಡುತ್ತೇವೆ.

ಇದನ್ನು ಓದುತ್ತಿರುವ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಿಗೆ ಒಂದು ಮಾತು. ನಿಮ್ಮ ಮನೆಯ ಹಿರಿಯರ ಆಧಾರ್ ನಂಬರನ್ನು ಇವತ್ತೇ ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಮೊಬೈಲು ಜೋಡಿಸಿಲ್ಲದಿದ್ದರೆ, ಕಾರ್ಡು ಕೈಯಲ್ಲಿರುವಾಗಲೇ, ಬೆರಳು ಇನ್ನೂ ಬರುತ್ತಿರುವಾಗಲೇ ಕರೆದುಕೊಂಡು ಹೋಗಿ ಜೋಡಿಸಿ. ಹೊರಡುವ ಮುಂಚೆ ಕಣ್ಣಿನ ಮೆಷಿನ್ನು ಸರಿಯಿದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಇಂತಿ,
ಬೆರಳು ಬಾರದ ತಾಯಿಯ ಮಗ,
ಅಂತರಸನಹಳ್ಳಿ, ತುಮಕೂರು